ವಾಡಿಗೆ ಹೋದ ಮಾಸ್ತರ

ಸೇಡಂನಿಂದ ಚಿಂಚೋಳಿವರೆಗೆ ನನ್ನಂಥ ದರ್ಜಿ ಇನ್ನೂ ಹುಟ್ಟಿಲ್ಲ. ಹರಟೆಗೆ ಬರುವವರೇ ನನ್ನ ಕೈ ಕಟ್ಟಿಹಾಕುತ್ತಾರೆ. ಅದಕ್ಕೇ ಲಗ್ನದ ದಿನಗಳಲ್ಲಿ ‘ಮಾಸ್ತರ್ ವಾಡಿಗೆ ಹೋಗಿದ್ದಾರೆ’ ಎಂದು ಬೋರ್ಡ್ ತೂಗಿಸಿ, ಶಟರ್ ಎಳೆದುಕೊಂಡು ಒಳಗೆ ಹೊಲಿಯುತ್ತಿರುತ್ತೇನೆ.

ಒಂದು ಮಧ್ಯಾಹ್ನ ಯಾರೋ ಶಟರ್ ಬಡಿದರು.

“ಒಳಗ ಮಷೀನ್ ಸಪ್ಪಳ ಕೇಳಲಿಕತ್ತದ, ಯಾರಪ್ಪಾ?” ಅಜ್ಜಿಯೊಬ್ಬಳ ದನಿ.

“ಮಾಸ್ತರ್ ಇಲ್ಲ ಆಯಿ, ವಾಡಿಗಿ ಹೋಗ್ಯಾರ!” ಎಂದೆ, ನಾನೇ.

“ಭಾಳ ಚಲೋ ಆತು. ನಾಳಿ ಮೊಮ್ಮಗಳ ಲಗ್ನ ಅದ. ನಿಮ್ಮ ಮಾಸ್ತರ ಹೊಲಿದ ಜಂಪರ್ ತೋಳಿಗೇ ಏರವಲ್ದು. ಅವ ಬರೂದ್ರಾಗ ನೀನರೆ ಸಡ್ಲ ಮಾಡಿಕೊಡಪ್ಪಾ.”

ಶಟರ್ ಗೇಣಷ್ಟು ಎತ್ತಿ ಆ ರವಿಕೆಯನ್ನು ಒಳಗೆಳೆದುಕೊಂಡೆ. ತುಟಿ ಬಿಚ್ಚದೆ ಹೊಲಿಗೆ ಬಿಚ್ಚಿ, ಸರಿಮಾಡಿ ಹೊರಗೆ ತಳ್ಳಿದೆ.

‘ಮಾಸ್ತರಗಿಂತ ಒಳಗ ಕುಂತಾವನೇ ಚಲೋ ಹೊಲಿತಾನ’ ಎಂದು ಆಯಿ ಲಗ್ನದ ಮನೆಯಲ್ಲೆಲ್ಲ ಹೇಳಿದಳಂತೆ. ಈಗ ಬೋರ್ಡ್ ಕಂಡರೇ ಗಿರಾಕಿಗಳು ಸಾಲುಗಟ್ಟುತ್ತಾರೆ.

ನನ್ನನ್ನು ಮೀರಿಸಿದ ದರ್ಜಿ ಆ ಶಟರ್ ಒಳಗಿನವನೊಬ್ಬನೇ ನೋಡಿ.