ಕಿಂಡಿ ಸಾಬರು ನೋಡಿದ ಸಿನಿಮಾ

ಸಿರುಗುಪ್ಪದ ಹಳೇ ಟಾಕೀಸೊಂದರಲ್ಲಿ ಮೂವತ್ತೆಂಟು ವರ್ಷ ಆಪರೇಟರ್ ಆಗಿದ್ದ ಸುಭಾನಸಾಬರನ್ನು ನಾನು ಕಣ್ಣಾರೆ ಕಂಡಿದ್ದು ಒಂದೇ ಸಲ. ಅದಕ್ಕೂ ಒಂದು ವರ್ಷ ಮುಂಚೆ, ಮುಖ ನೋಡದೆಯೇ ಅವರ ಮಾನ ತೆಗೆದಿದ್ದೆ. ಆ ಕೆಲಸಕ್ಕೆ ಮುಖ ಬೇಕಾಗುವುದಿಲ್ಲ, ಒಂದು ಕಂಪ್ಯೂಟರ್ ಇದ್ದರೆ ಸಾಕು.

ನಾನು ರಘೋತ್ತಮ, ಬಳ್ಳಾರಿಯಲ್ಲಿ ಬ್ಯಾಂಕ್ ಗುಮಾಸ್ತ. ಅದಿರು ಲಾರಿಗಳು ಓಡಾಡಿ ಓಡಾಡಿ ನಮ್ಮ ಮನೆಯ ತುಳಸಿಗಿಡದ ಎಲೆ ಕೂಡ ಕೆಂಪಾಗಿದ್ದ ಎರಡು ಸಾವಿರದ ಎಂಟರ ಮಾತು ಇದು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ದೊಡ್ಡ ಕಾರಿನಿಂದ ಇಳಿಯುತ್ತಿದ್ದರು. ನನಗೆ ಅದೇ ಹಳೇ ಸ್ಕೂಟರ್. ಟಾಕೀಸಿನ ಸ್ಟ್ಯಾಂಡಿನಲ್ಲಿ ಹೊಸ ಗಾಡಿಗಳ ನಡುವೆ ಸಿಕ್ಕಿಬಿದ್ದರೆ ಅರ್ಧ ಗಂಟೆ ಆಚೆ ಬರುತ್ತಿರಲಿಲ್ಲ. ದುಡ್ಡಿನಲ್ಲಂತೂ ದೊಡ್ಡವನಾಗಲಿಲ್ಲ, ಬುದ್ಧಿಯಲ್ಲಾದರೂ ಆಗೋಣ ಎಂದು ಅಂತರ್ಜಾಲದ ಒಂದು ಚರ್ಚಾಕೂಟ ಸೇರಿದೆ. 'ಬೆಳ್ಳಿಮಾತು' ಅಂತ ಅದರ ಹೆಸರು. ಸಿನಿಮಾ, ಟಿವಿ ಧಾರಾವಾಹಿಗಳ ಬಗ್ಗೆ ಅಲ್ಲಿ ದಿನವೂ ಜಗಳ. ಅದಕ್ಕಿಂತ ದೊಡ್ಡ ಜಗಳ, ವಿಮರ್ಶೆ ಮಾಡುವ ಯೋಗ್ಯತೆ ಯಾರಿಗಿದೆ ಎಂಬುದು. ಅಲ್ಲಿ ನಾನು ಇಟ್ಟುಕೊಂಡ ಹೆಸರು 'ಸಹೃದಯ'. ನಗಬೇಡಿ.

ಅಲ್ಲಿಗೆ 'ಕಿಂಡಿ' ಎಂಬ ಹೆಸರಿನಲ್ಲಿ ಒಬ್ಬರು ಬಂದರು. ಎಲ್ಲಿಯವರು, ಏನು ಕೆಲಸ, ಯಾರಿಗೂ ಗೊತ್ತಿಲ್ಲ. ಬರೆಯುತ್ತಿದ್ದದ್ದು ನಾಲ್ಕೇ ಸಾಲು. "ಮಧ್ಯದಾಗ ಜನ ಬೀಡಿ ಹಚ್ಚಿದ್ರು. ಬೆಳಕಿನಾಗ ಹೊಗಿ ತುಂಬಿತು. ಅಂದ್ರ ಕತಿ ನಿಂತೈತಿ." ಒಂದು ಧಾರಾವಾಹಿ ಬಗ್ಗೆ ಹೀಗೆ: "ಸೋಮವಾರ ಬಾಗಲಾ ಬಡದಾರ, ಶುಕ್ರವಾರ ತೆಗದಾರ. ನಮ್ಮನಿಯಾಗ ಹಂಗ ಮಾಡಿದ್ರ ಬಂದ ಬೀಗರು ತಿರುಗಿ ಹೋಗ್ತಾರ." ಜನ ಬಿದ್ದು ಬಿದ್ದು ನಕ್ಕರು. ಆರು ತಿಂಗಳಲ್ಲಿ ಅವರು ಎಲ್ಲರಿಗೂ 'ಕಿಂಡಿ ಮೇಷ್ಟ್ರು' ಆದರು. ನಾನು ಎರಡೆರಡು ಪುಟ ಬರೆದರೂ ಮೂಸಿ ನೋಡುವವರಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ತಾಯಿ-ಮಗನ ಸಿನಿಮಾ ಒಂದು ಬಂತು. ಬಳ್ಳಾರಿಯಲ್ಲಿ ನಾನೂ ಹೋಗಿದ್ದೆ. ಎರಡು ತಿಂಗಳ ಮೇಲೆ ಕಿಂಡಿ ಬರೆದರು: "ಮಗ ಬರಲಿಲ್ಲ. ತಾಯಿ ದೀಪ ಆರಿಸಿ ಬಾಗಲಾ ಹಾಕ್ಕೊಂಡ್ಲು. ಶುಭಂ. ಆಕಿ ಸತ್ಲೋ ಬದುಕಿದ್ಲೋ ತೋರಿಸಲಿಲ್ಲ. ಇಂಥಾ ಮುಗಿತಾಯ ನಾನು ನೋಡೇ ಇಲ್ಲ. ಎದ್ದು ಹೋಗೋ ಜನ ಒಬ್ರಿಗೊಬ್ರು ಮಾತಾಡಲಿಲ್ಲ."

ನನಗೆ ಹಬ್ಬವಾಯಿತು. ಯಾಕೆಂದರೆ ಬಾಗಿಲು ಹಾಕಿಕೊಂಡ ಮೇಲೆ ಆ ತಾಯಿ ಹಾಡಿನ ಸಮೇತ ಹತ್ತು ನಿಮಿಷ ಸಾಯುತ್ತಾಳೆ, ಮಗ ಬಂದು ಕಾಲು ಹಿಡಿದು ಅಳುತ್ತಾನೆ. ಬೆಂಗಳೂರಿನ ಪತ್ರಿಕೆಯವರು ಆ ಸಾವಿನ ಬಗ್ಗೆಯೇ ಅರ್ಧ ಪುಟ ಬರೆದಿದ್ದರು. "ಈ ಮನುಷ್ಯ ಸಿನಿಮಾ ನೋಡಿಯೇ ಇಲ್ಲ. ನೋಡದೆ ಬರೆಯುವವರೂ ವಿಮರ್ಶಕರೇ?" ಎಂದು ಹಾಕಿದೆ. ಎರಡು ದಿನದಲ್ಲಿ ಮೇಷ್ಟ್ರು ಹೋಗಿ ಕಳ್ಳ ಎನಿಸಿಕೊಂಡರು. "ಇಪ್ಪತ್ತೆಂಟು ಸಲ ನೋಡೀನಿ, ನನ್ನ ಮಗಳಾಣಿ" ಎಂದು ಅವರು ಬರೆದದ್ದಕ್ಕೆ ಇನ್ನಷ್ಟು ನಗು. ವಾರವಿಡೀ ದಿನಕ್ಕೆ ನಾಲ್ಕು ಆಟ ಓಡಿಸುವ ಆಪರೇಟರ್ ಬಿಟ್ಟರೆ ಇಪ್ಪತ್ತೆಂಟು ಸಲ ಇನ್ಯಾರು ನೋಡುತ್ತಾರೆ? ಅಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ. ಅವರನ್ನು ಕೂಟದಿಂದ ಹೊರಗೆ ಹಾಕಿ ಎಂದು ಪಟ್ಟು ಹಿಡಿದವನೂ ನಾನೇ. ಹಾಕಿದರು.

ಮೂರು ತಿಂಗಳಿಗೆ ನನಗೊಂದು ಇಮೇಲ್ ಬಂತು. ಬರೆದವಳು ಹುಮೇರಾ, ಸುಭಾನಸಾಬರ ಮಗಳು. ಸಿರುಗುಪ್ಪದ ಇಂಟರ್ನೆಟ್ ಸೆಂಟರಿನಲ್ಲಿ ಅವಳ ಕೆಲಸ. ಅಬ್ಬಾ ಹೇಳುವುದು, ಇವಳು ಟೈಪ್ ಮಾಡುವುದು, ಹೀಗೆ ನಡೆದಿತ್ತಂತೆ. ಕಿಂಡಿ ಎಂದರೆ ಮಷೀನು ಕೋಣೆಯ ಗೋಡೆಯಲ್ಲಿ ಆಪರೇಟರ್ ಸಿನಿಮಾ ನೋಡುವ ಕಿಂಡಿ. ಬೈಗುಳ ತಿಂದ ಮೇಲೆ ಸಾಬರು ತಮ್ಮ ಕಣ್ಣನ್ನೇ ನಂಬಲಾರದೆ ಆ ಪ್ರಿಂಟು ಬಂದ ದಾರಿ ಹಿಡಿದು ಕುರುಗೋಡಿಗೆ ಹೋಗಿದ್ದರು. ಅಲ್ಲಿನ ಆಪರೇಟರ್ ಜಡೆಪ್ಪ ಒಪ್ಪಿಕೊಂಡಿದ್ದ. ಬಳ್ಳಾರಿಯಿಂದ ಬರುವಾಗ ಅದಿರು ಲಾರಿ ತೋಡಿದ ಗುಂಡಿಯಲ್ಲಿ ಬಸ್ಸು ಹಾರಿ, ಟಾಪಿನ ಮೇಲಿದ್ದ ಕೊನೆಯ ರೀಲಿನ ಡಬ್ಬ ಉರುಳಿ ಹಿಂದಿನ ಲಾರಿಯ ಗಾಲಿಗೆ ಸಿಕ್ಕಿತ್ತು. ಮಾಲೀಕರಿಗೆ ಹೆದರಿದ ಜಡೆಪ್ಪ, ಉಳಿದಿದ್ದ 'ಶುಭಂ' ತುಂಡನ್ನು ಮೊದಲಿನ ರೀಲಿನ ಬಾಲಕ್ಕೆ ಅಂಟಿಸಿ ಮುಂದಕ್ಕೆ ಕಳಿಸಿದ್ದ. ಮೂರು ಊರು ಓಡಿ ಬಂದ ಪ್ರಿಂಟಿನಲ್ಲಿ ತೇಪೆ ಇದ್ದೇ ಇರುತ್ತದೆ, ಸಾಬರಿಗೆ ಅನುಮಾನ ಬಂದಿರಲಿಲ್ಲ.

"ಅಬ್ಬಾ ಸುಳ್ಳು ಹೇಳಿಲ್ಲ ಅಂತ ಒಂದೇ ಒಂದು ಸಾಲು ಬರೀರಿ ಸರ್," ಎಂದು ಕೇಳಿದ್ದಳು. "ಅವರು ಮಷೀನು ಓಡಿಸ್ತಾರ, ಆದ್ರ ಕಿಂಡಿಯಾಗ ನೋಡೋದು ಬಿಟ್ಟುಬಿಟ್ಟಾರ."

ಬರೆಯಲಿಲ್ಲ. ಬರೆದರೆ ನನ್ನ ಮೀಸೆ ಮಣ್ಣಾಗುತ್ತಿತ್ತು. ನಾಳೆ ಬರೆದರಾಯಿತು ಅಂದುಕೊಂಡೆ, ಆ ನಾಳೆಗೆ ಎಂಟು ತಿಂಗಳಾಯಿತು. ಒಂದು ದಿನ ನೋಡಿದರೆ 'ಬೆಳ್ಳಿಮಾತು' ತೆರೆಯಲೇ ಇಲ್ಲ. ನಡೆಸುವವರು ಮುಚ್ಚಿಬಿಟ್ಟಿದ್ದರು. ಆ ಭಾನುವಾರವೇ ಸಿರುಗುಪ್ಪದ ಬಸ್ಸು ಹತ್ತಿದೆ.

ಟಾಕೀಸು ಅಕ್ಕಿ ಗೋದಾಮಾಗಿತ್ತು. ಸಾಬರು ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನಾನು ಯಾರೆಂದು ಹೇಳಿ ಕೈ ಮುಗಿದೆ. ಬೈಯಲಿ, ಹೊರಗೆ ಹಾಕಲಿ ಎಂದೇ ಹೋಗಿದ್ದೆ.

"ಬರ್ರಿ ಆಚಾರ್ರೇ, ಕುಂದರ್ರಿ," ಅಂದರು. "ನೀವು ನೋಡಿದ್ದು ನೀವು ಬರದ್ರಿ, ನಾನು ನೋಡಿದ್ದು ನಾನು ಬರದೆ. ನಿಮ್ಮದೇನು ತಪ್ಪೈತಿ? ನನಗೊಂದು ಆಸಿ ಉಳದೈತಿ. ಆ ಕೊನೀ ರೀಲಿನಾಗ ಏನಿತ್ತು, ಕಣ್ಣಿಗೆ ಕಟ್ಟುವಂಗ ಹೇಳ್ರಿ."

ಹೇಳಿದೆ. ಹಾಡು, ಸಾವು, ಮಗನ ಅಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ದೀಪ ಆರಿಸಿದ್ಲಲ್ಲ ಆಕಿ, ಮಗ ಬಂದಾಗ ಯಾರು ಹಚ್ಚಿದ್ರು?"

ನಾನು ಓದಿದ್ದ ಪತ್ರಿಕೆಯಲ್ಲಿ ಅದು ಇರಲಿಲ್ಲ.

ಸಾಬರು ಕಣ್ಣು ತೆರೆದು ನನ್ನನ್ನೇ ನೋಡಿದರು. "ಗಾಡಿ ತೆಗೆಯಾಕ ಮೊದಲೇ ಎದ್ದಿದ್ರೇನ್ರಿ?" ಎಂದು ಮೆಲ್ಲಗೆ ಕೇಳಿದರು. "ಕಿಂಡಿಯಾಗ ಮೂವತ್ತೆಂಟು ವರ್ಷ ನೋಡೀನಿ. ಕೊನೀ ರೀಲು ಹಾಕಿದ್ರ ಗಾಡಿ ಇದ್ದವರ ಬೆನ್ನೇ ಕಾಣ್ತಾವ."

ಹೂಂ ಅಂದೆ. ಚಹಾ ತಂದ ಹುಮೇರಾ ಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಲೋಟ ನನ್ನ ಮುಂದಿಟ್ಟು ಒಳಗೆ ಹೋದಳು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ರಂಜಾನ್ ಬರುವ ಮೊದಲೇ ಸಾಬರು ತೀರಿಕೊಂಡರು. ಹುಮೇರಾ ಕೇಳಿದ ಆ ಸಾಲು ಬರೆಯಲು ಈಗ 'ಬೆಳ್ಳಿಮಾತು' ಇಲ್ಲ, ಓದಿಸಿಕೊಳ್ಳಲು ಅವಳ ಅಬ್ಬಾ ಇಲ್ಲ. ಆದರೂ ಬರೆಯುತ್ತೇನೆ. ಸುಭಾನಸಾಬರು ಆ ಸಿನಿಮಾವನ್ನು ತಮ್ಮ ಕೈಗೆ ಬಂದಷ್ಟೂ, ಶುಭಂ ಬರುವವರೆಗೆ, ಇಪ್ಪತ್ತೆಂಟು ಸಲ ನೋಡಿದ್ದರು. ನೋಡದೆ ಬರೆದವನು ನಾನು.