ಅರಸನ ಪಾತ್ರ ಸಿಕ್ಕ ಶನಿವಾರ

ಕಳೆದ ಭಾನುವಾರ ಮಲಾಡಿನ ನಮ್ಮ ಸಂಘದ ಕೋಣೆಯಲ್ಲಿ ಹಳೆಯ ಕಪಾಟಿನ ಬಾಗಿಲು ತೆರೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಒಂದೇ ನಾಟಕದ ಇಪ್ಪತ್ತು ಪ್ರತಿಗಳು, ಒಂದೊಂದಕ್ಕೂ ಕ್ಯಾಲೆಂಡರ್ ಹಾಳೆಯ ಹೊದಿಕೆ. ನಮ್ಮ ಕನ್ನಡ ಶಾಲೆ ಮುಚ್ಚಿದಾಗ ಯಾರೋ ಪುಣ್ಯಾತ್ಮರು ತಂದು ಇಲ್ಲಿ ತುಂಬಿದ್ದರು. ಭಾನುವಾರದ ಕನ್ನಡ ತರಗತಿಗೆ ಬರುವ ಹನ್ನೆರಡು ಮಕ್ಕಳಿಗೆ ಓದಿಸೋಣ ಎಂದು ಹುಡುಕಿದ್ದು. ವಾಸನೆ ಬಂದದ್ದೇ ತಡ, ಮಕ್ಕಳು ಮರೆತುಹೋದರು... ನಮ್ಮ ಮಾಸ್ಟ್ರು ನೆನಪಾದರು.

ಅವರು ಹತ್ತನೆಯ ತರಗತಿಗೆ ಕನ್ನಡ ಹೇಳಿಕೊಡುತ್ತಿದ್ದರು. ಉಡುಪಿಯ ಕಡೆಯವರು, ಸಣಕಲು ದೇಹ, ದೊಡ್ಡ ಗಂಟಲು. ಪ್ರತಿ ವರ್ಷ ಈ ದುರಂತ ನಾಟಕವನ್ನು ಓದಿಸುವುದು ಅವರಿಗೊಂದು ವ್ರತ. ಕೋಪದಲ್ಲಿ ತಮ್ಮನನ್ನು ನಾಡಿನಿಂದ ಹೊರಗಟ್ಟಿದ ಅರಸ, ತಪ್ಪು ತಿಳಿದ ಮೇಲೂ ಕರೆ ಕಳಿಸಲು ತಡಮಾಡಿ ಅವನನ್ನು ಕಳೆದುಕೊಳ್ಳುವ ಕಥೆ. ಪುಸ್ತಕ ಕೈಗೆ ಕೊಡುವ ಎರಡು ವಾರ ಮೊದಲೇ ಅವರು ನಮ್ಮನ್ನು ತಯಾರು ಮಾಡಲು ಶುರುಮಾಡುತ್ತಿದ್ದರು. ಮೊದಲ ದಿನವೇ ಕೊನೆ ಹೇಳಿಬಿಡುತ್ತಿದ್ದರು. ನಾವು ಗೊಣಗಿದರೆ, "ಯಕ್ಷಗಾನ ನೋಡ್ಲಿಕ್ಕೆ ಹೋಗುವವರಿಗೆ ಕಥೆ ಗೊತ್ತಿರುದಿಲ್ವಾ? ಗೊತ್ತಿದ್ದೂ ಬೆಳಗಿನವರೆಗೆ ಯಾಕೆ ಕೂತ್ಕೊಳ್ತಾರೆ?" ಎಂದು ನಮ್ಮನ್ನೇ ಕೇಳುತ್ತಿದ್ದರು.

ಆಮೇಲೆ ಪಾತ್ರ ಹಂಚಿ ಓದಿಸುವಾಗ ಅವರದೊಂದು ಪದ್ಧತಿ. ಪ್ರತಿ ದೃಶ್ಯದ ಕೊನೆಗೆ ಪುಸ್ತಕ ಮುಚ್ಚಿಸಿ, "ಇಲ್ಲಿಂದ ತಿರುಗ್ಲಿಕ್ಕೆ ಆಗ್ತದಾ?" ಎಂದು ಕೇಳುವುದು. ಅರಸ ಇನ್ನೂ ಹಿಂದಿರುಗಬಹುದು ಅನ್ನಿಸಿದವರು ಕೈಯೆತ್ತಬೇಕು. ಮೊದಮೊದಲು ಎಲ್ಲ ಕೈಗಳೂ ಮೇಲೆ. ಬರಬರುತ್ತಾ ಕಡಿಮೆ. ಯಾರ ಕೈಯೂ ಏಳದ ದೃಶ್ಯ ಬಂದಾಗ ಮಾಸ್ಟ್ರು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನಾವು ಕಿಸಕ್ಕೆಂದು ನಗುತ್ತಿದ್ದೆವು.

ಅವರಿಗೊಬ್ಬ ತಮ್ಮನಿದ್ದ ವಿಷಯ ತರಗತಿಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಆ ತಮ್ಮ ಬೈಕುಲ್ಲಾದಲ್ಲಿ ಹೋಟೆಲ್ ನಡೆಸುತ್ತಿದ್ದರು. ನನ್ನ ಅಪ್ಪ ಅಲ್ಲೇ ಅಡುಗೆಗೆ ಇದ್ದರು. ತಾಯಿಯ ಉತ್ತರಕ್ರಿಯೆಗೂ ತಮ್ಮ ಊರಿಗೆ ಬರಲಿಲ್ಲವೆಂದು ಮಾಸ್ಟ್ರು ಕೆರಳಿ, ನನ್ನ ಮೆಟ್ಟಿಲು ಹತ್ತಬೇಡ ಎಂದಿದ್ದರಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಾಸ್ಟ್ರಿದ್ದ ಮಲಾಡಿಗೂ ಬೈಕುಲ್ಲಾಕ್ಕೂ ಏನು ಮಹಾ ದೂರ? ದಾದರಿನಲ್ಲಿ ಒಮ್ಮೆ ಗಾಡಿ ಬದಲಿಸಿದರೆ ಆಯಿತು. ಆದರೆ ಒಂಬತ್ತು ವರ್ಷ ಇಬ್ಬರೂ ಆ ಗಾಡಿ ಹತ್ತಿರಲಿಲ್ಲ.

ಆ ವರ್ಷ ನನಗೆ ಸಿಕ್ಕಿದ್ದು ದೂತನ ಪಾತ್ರ. ಹನ್ನೊಂದೇ ಸಾಲು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಗೆಳೆಯರು ಗೇಲಿ ಮಾಡುತ್ತಿದ್ದರು. ಹೊಟ್ಟೆಯುರಿಯಿಂದ ಅರಸನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಟ್ಟಿದ್ದೆ. ಹೆತ್ತವರ ಮುಂದೆ ಓದುವ ಶನಿವಾರಕ್ಕೆ ಎರಡು ದಿನ ಇರುವಾಗ ಅರಸನಾಗಬೇಕಿದ್ದವನಿಗೆ ಸೀತಾಳೆ ಸಿಡುಬು ಎದ್ದಿತು. ಮಾಸ್ಟ್ರು ನನ್ನ ಕಡೆ ಬೆರಳು ತೋರಿದರು. ಅಂದು ನನ್ನ ಕಾಲು ನೆಲದ ಮೇಲಿರಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಅಪ್ಪ, ಹೋಟೆಲಿನ ಧಣಿ ಮಲಗಿದ್ದ ಆಸ್ಪತ್ರೆಯಿಂದ ಮನೆಗೆ ಬಂದರು. ಕೈಯಲ್ಲಿ ಖಾಲಿ ಡಬ್ಬಿ. ಗಂಜಿ ಮಾಡಿಸಿಕೊಂಡು ಮತ್ತೆ ಓಡಬೇಕಿತ್ತು.

"ಮಗಾ, ಧಣಿಗೆ ಜೋರುಂಟು. ಅಣ್ಣನನ್ನು ಒಮ್ಮೆ ಕರ್ಸಿ ಅಂತ ಅವರೇ ಬಾಯಿಬಿಟ್ಟು ಹೇಳಿದ್ರು. ಹೋದ ಕೂಡ್ಲೇ ಮಾಸ್ಟ್ರಿಗೆ ಹೇಳು, ಆಯ್ತಾ?"

ಆಯ್ತು ಎಂದೆ. ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಸುದ್ದಿ ನನ್ನೊಬ್ಬನ ಹೊಟ್ಟೆಯಲ್ಲಿತ್ತು. ಶಾಲೆಯ ಗೇಟಿನಲ್ಲೇ ಮಾಸ್ಟ್ರು ಸಿಕ್ಕರು. ಕುರ್ಚಿ ಹೊರುವವರಿಗೆ ದಾರಿ ತೋರುತ್ತಿದ್ದರು. ಹೇಳಿದರೆ ಆಗಲೇ ಹೊರಟುಬಿಡುತ್ತಾರೆ, ಓದು ನಿಲ್ಲುತ್ತದೆ, ಮುಂದಿನ ವಾರ ಸಿಡುಬಿನವನು ಎದ್ದು ಬರುತ್ತಾನೆ... ಸಂಜೆ ಹೇಳಿದರಾಯಿತು, ಆರೇಳು ಗಂಟೆಯಲ್ಲಿ ಏನಾಗಿಬಿಡುತ್ತದೆ ಎಂದುಕೊಂಡೆ. ಹದಿನಾರು ವರ್ಷದವನ ಲೆಕ್ಕಾಚಾರ ಅದು. ಹದಿನಾರು ವರ್ಷ ಅಷ್ಟೇನೂ ಚಿಕ್ಕ ವಯಸ್ಸಲ್ಲ ಎಂಬುದೂ ನನಗೆ ಗೊತ್ತು.

ಮಧ್ಯಾಹ್ನ ಮೂರಕ್ಕೆ ಓದು ಶುರುವಾಯಿತು. ಚೆನ್ನಾಗಿ ಓದಿದೆ. ತಮ್ಮ ಕಾಯಿಲೆ ಬಿದ್ದ ಸುದ್ದಿ ಅರಸನಿಗೆ ಮುಟ್ಟುವ ದೃಶ್ಯ ಮುಗಿದಾಗ ಮಾಸ್ಟ್ರು ಎಂದಿನಂತೆ ಪುಸ್ತಕ ಮುಚ್ಚಿಸಿ ಸಭೆಯನ್ನು ಕೇಳಿದರು, "ಇಲ್ಲಿಂದ ತಿರುಗ್ಲಿಕ್ಕೆ ಆಗ್ತದಾ?" ಆಗ್ತದೆ ಸರ್ ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದವನು ನಾನು. ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಚಪ್ಪಾಳೆ ಮುಗಿದ ಮೇಲೆ ಹೇಳಿದೆ. ಮಾಸ್ಟ್ರು ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟರು. "ನಿಂಗೆ ಯಾವಾಗ ಗೊತ್ತಾಯ್ತು?" ಎಂದರು. "ಈಗ ಸರ್. ಅಪ್ಪ ಈಗಷ್ಟೇ ಹೇಳಿ ಕಳಿಸಿದ್ರು." ಅವರು ಚೀಲವನ್ನೂ ತೆಗೆದುಕೊಳ್ಳದೆ ಸ್ಟೇಶನ್ ಕಡೆ ನಡೆದರು. ಆಸ್ಪತ್ರೆ ಮುಟ್ಟುವಾಗ ತಮ್ಮ ಹೋಗಿ ಒಂದು ಗಂಟೆಯಾಗಿತ್ತು. ಕೊನೆಯವರೆಗೂ ಧಣಿ ಬಾಗಿಲನ್ನೇ ನೋಡುತ್ತಿದ್ದರು ಎಂದು ಅಪ್ಪ ಅಮ್ಮನ ಹತ್ತಿರ ಹೇಳಿದ್ದು ಕೇಳಿಸಿತು. ನನ್ನನ್ನು ಅಪ್ಪ ಏನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ.

ಮಾಸ್ಟ್ರು ತಿಂಗಳೊಳಗೆ ಶಾಲೆಗೆ ಮರಳಿದರು. ಆ ನಾಟಕವನ್ನು ಮಾತ್ರ ಮತ್ತೆ ಯಾರಿಗೂ ಓದಿಸಲಿಲ್ಲ. ನಾನು ಕಲಿತು ಫೋರ್ಟಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ದೀಪಾವಳಿಗೆ ತಪ್ಪದೆ ಅವರ ಮನೆಗೆ ಹೋಗುತ್ತಿದ್ದೆ. ಚಹಾ ಕುಡಿದು ಏಳುವಾಗ ಮೆಟ್ಟಿಲವರೆಗೆ ಬಂದು, "ಮತ್ತೇನಾದ್ರೂ ಉಂಟಾ?" ಎನ್ನುತ್ತಿದ್ದರು. "ಏನಿಲ್ಲ ಸರ್" ಎಂದು ಇಳಿದುಬಿಡುತ್ತಿದ್ದೆ. ಹೀಗೆ ಹದಿನಾಲ್ಕು ದೀಪಾವಳಿಗಳು...

ಮಾಸ್ಟ್ರು ತೀರಿಕೊಂಡ ಮೇಲೆ ಮನೆಗೆ ಹೋದಾಗ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕೂರಿಸಿದರು. ಅವರನ್ನು ನಾವು ಅಕ್ಕ ಎನ್ನುತ್ತಿದ್ದೆವು.

"ಅವರಿಗೆ ಅವತ್ತೇ ಗೊತ್ತಿತ್ತು ಮಗಾ. ಬೆಳಿಗ್ಗೆಯೇ ಹೇಳಿ ಕಳಿಸಿದ್ದೆ ಅಂತ ನಿನ್ನಪ್ಪ ಆಸ್ಪತ್ರೆಯಲ್ಲೇ ಹೇಳಿದ್ರು. ಹುಡುಗನನ್ನು ಬೈಬೇಡಿ, ಕೇಳ್ಲೂಬೇಡಿ ಅಂತ ಇವರು ಆಣೆ ಹಾಕಿಸ್ಕೊಂಡ್ರು. ಒಂಬತ್ತು ವರ್ಷ ನಾನೇ ಹೋಗ್ಲಿಲ್ಲ, ಅವನು ಆರು ಗಂಟೆ ತಡ ಮಾಡಿದ್ದಕ್ಕೆ ಏನು ಹೇಳುದು ಅಂತಿದ್ರು. ಆದ್ರೆ ನೀನು ಬಂದು ಹೋದ ದಿನ ಮಾತ್ರ, ಈ ಸಲವೂ ಹೇಳ್ಲಿಲ್ಲ ನೋಡು, ಅಂತ ಮೆಟ್ಟಿಲ ಹತ್ರ ನಿಂತೇ ಹೇಳ್ತಿದ್ರು."

ಕಪಾಟು ತೆರೆದ ಆ ಭಾನುವಾರವೇ ತರಗತಿಯಲ್ಲಿ ನಾನೂ ಮಕ್ಕಳಿಗೆ ಕೊನೆಯನ್ನೇ ಮೊದಲು ಹೇಳಿದೆ. "ಸರ್, ಎಂಡ್ ಈಗ್ಲೇ ಹೇಳಿದ್ರೆ ಫಿರ್ ಪಢ್‌ನಾ ಕ್ಯೂಂ?" ಎಂದಳು ಎಂಟನೆಯ ತರಗತಿಯ ಹುಡುಗಿ; ಮತ್ತೆ ಓದುವುದು ಯಾತಕ್ಕೆ ಎಂಬುದು ಅವಳ ಪ್ರಶ್ನೆ. ಅವಳಿಗೆ ಉತ್ತರ ಕೊಡಲು ಹೋಗಿ, ಯಾಕೋ ಏನೋ, ಈ ಕಥೆಯನ್ನೆಲ್ಲ ಹೇಳಿಬಿಟ್ಟೆ. ಹೆಂಡತಿಗೂ ಹೇಳಿರದ ಮಾತು.

ಅದೇ ಹುಡುಗಿ ಕೇಳಿದಳು, "ನೀವು ಆ ಸರ್‌ಗೆ ಸಾರಿ ಹೇಳಿದ್ರಾ?"

ಇಲ್ಲ ಎಂದೆ. ಅವರು ನನ್ನನ್ನು ಕ್ಷಮಿಸಿದ್ದರು, ನಿಜ. ಆದರೆ ಅವರು ಕಾದಿದ್ದು ಅದಕ್ಕಲ್ಲ, ನನ್ನ ಒಂದು ಮಾತಿಗೆ. ಆ ಮಾತನ್ನು ಅವರಿಗೆ ಕೊಡದೆ ಕಳಿಸಿಬಿಟ್ಟೆ.