ಎರಡು ನಿಮಿಷದ ಅಹವಾಲು

ಬೆಥೆಲ್ ಕ್ರಾಸಿಂಗ್ ಎಂಬ ಊರಿನ ನಾಲ್ಕು ಜನ ರಾಜಧಾನಿಗೆ ಹೋಗಿ, ಶಾಸನಸಭೆಯ ಸಮಿತಿಯ ಮುಂದೆ ತಲಾ ಎರಡು ನಿಮಿಷ ಮಾತನಾಡಿ, ಆ ಎಂಟು ನಿಮಿಷಗಳಲ್ಲಿ ಮತಗಟ್ಟೆ ಎಂಬ ಪದವನ್ನು ಒಮ್ಮೆಯೂ ಉಚ್ಚರಿಸದೆ ಮನೆಗೆ ಬಂದರು. ಅವರು ಹೋಗಿದ್ದು ಮತಗಟ್ಟೆಯನ್ನು ಉಳಿಸಿಕೊಳ್ಳಲು.

ಸರದಿಯಲ್ಲಿ ಐದನೆಯವಳು ಒಜೆಲ್ಲಾ ಟಾರ್ವರ್. ಅವಳ ಸರದಿ ಬರುವ ಮೊದಲೇ ಸಮಿತಿಯ ಹೊತ್ತು ಮುಗಿಯಿತು. ಮಸೂದೆಗೆ ತಿದ್ದುಪಡಿಯೊಂದು ಬರುವಂತಿದೆ, ಮುಂದಿನ ಬುಧವಾರ ಅಹವಾಲನ್ನು ಹೊಸದಾಗಿ ಕೇಳುತ್ತೇವೆ ಎಂದು ಅಧ್ಯಕ್ಷ ಎದ್ದುಹೋದ. ಅದೊಂದು ಪುಣ್ಯ. ವಾಪಸು ಬರುವಾಗ ಚರ್ಚಿನ ಬಸ್ಸಿನಲ್ಲಿ ಒಜೆಲ್ಲಾ ಯಾರ ಜೊತೆಗೂ ಮಾತನಾಡಲಿಲ್ಲ. ಕೋಪ ಮಾಡಿಕೊಂಡಿದ್ದಾಳೆ ಎಂದು ಉಳಿದವರು ತಿಳಿದರು. ಅವಳು ಲೆಕ್ಕ ಹಾಕುತ್ತಿದ್ದಳು. ಚರ್ಚಿನ ಹಿರಿಯ ಡೀಕನ್ ಲೂಷಿಯಸ್ ಬ್ರಾಡ್‌ನಾಕ್ಸ್ ಅವರು ದೇವರಿಗೆ ಸ್ತೋತ್ರ ಹೇಳಲು ಹನ್ನೆರಡು ಸೆಕೆಂಡು ತೆಗೆದುಕೊಂಡಿದ್ದರು. ಪಾಸ್ಟರಿಗೆ, ಪಾಸ್ಟರ ಮನೆಯವರಿಗೆ, ಸಭೆಯ ಹಿರಿಯರಿಗೆ, ತಾಯಂದಿರಿಗೆ ಮಾನ ಸಲ್ಲಿಸಲು ಒಂದು ನಿಮಿಷ. ತೀರಿಕೊಂಡವರನ್ನು ನೆನೆಯಲು ಉಳಿದದ್ದು. ‘ಈಗ ವಿಷಯಕ್ಕೆ ಬರ್ತೀನಿ’ ಎಂದಾಗ ಗಂಟೆ ಬಾರಿಸಿತು, ಮೈಕು ಸತ್ತಿತು. ಉಳಿದ ಮೂವರೂ ಹಿರಿಯರ ಹಾದಿಯನ್ನೇ ಹಿಡಿದರು. ನಮ್ಮ ಜನ ಸಭೆಯಲ್ಲಿ ಎದ್ದು ನಿಂತರೆ ಮಾತು ಶುರುವಾಗುವುದೇ ಹಾಗೆ. ಹಾಗಲ್ಲದೆ ಬೇರೆ ರೀತಿ ಶುರುವಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ಒಜೆಲ್ಲಾಗೆ ಕೂಡ. ತಪ್ಪು ಅವಳದ್ದೇ. ಮಸೂದೆಯನ್ನು ಸಾಲುಸಾಲಾಗಿ ಓದಿಸಿದ್ದಳು, ಮಾತನ್ನು ಅಳೆದು ನೋಡಿರಲಿಲ್ಲ.

ಮಸೂದೆ ಉದ್ದದ್ದೇನಲ್ಲ. ಐನೂರಕ್ಕಿಂತ ಕಡಿಮೆ ಮತದಾರರಿರುವ ಮತಗಟ್ಟೆಗಳನ್ನು ಮುಚ್ಚಿ ಕೌಂಟಿಯ ಮುಖ್ಯ ಪಟ್ಟಣಕ್ಕೆ ಸೇರಿಸಬಹುದು ಎಂಬುದು ಅದರ ತಿರುಳು. ಕ್ರಾಸಿಂಗಿನಲ್ಲಿ ಮತದಾರರು ನಾನೂರ ಹನ್ನೆರಡು. ಪಟ್ಟಣಕ್ಕೆ ಬಸ್ಸಿಲ್ಲ. ಮೂರು ಮನೆಗೊಂದರಲ್ಲಿ ಕಾರಿಲ್ಲ. ಅಮೆರಿಕದ ದಕ್ಷಿಣದ ಈ ಎರೆಮಣ್ಣಿನ ಸೀಮೆಯಲ್ಲಿ ಕಪ್ಪು ಜನಕ್ಕೆ ವೋಟು ಸಿಕ್ಕಿದ ಕಥೆ ಎಲ್ಲರಿಗೂ ಗೊತ್ತು. ಅದು ಕೈಬಿಟ್ಟು ಹೋಗುವ ಬಗೆ ಮಾತ್ರ ಕಥೆಯಂತಿರುವುದಿಲ್ಲ. ಹದಿನಾಲ್ಕು ಪುಟದ ಕಾಗದದಲ್ಲಿ ಒಂಬತ್ತನೆಯ ಪುಟದ ಮೂರನೆಯ ಸಾಲಿನಂತಿರುತ್ತದೆ.

ಒಜೆಲ್ಲಾ ಅಂಥ ಸಾಲುಗಳನ್ನು ಓದಲು ಕಲಿತದ್ದು ಶಾಲಾ ಬಸ್ಸಿನಲ್ಲಿ. ಮೂವತ್ತೊಂದು ವರ್ಷ ಬಸ್ಸು ಓಡಿಸಿದಳು. ಬೆಳಗಿನ ಓಡಾಟ ಮುಗಿದ ಮೇಲೆ ಮಧ್ಯಾಹ್ನದವರೆಗೆ ಚಾಲಕರಿಗೆ ಕೆಲಸವಿಲ್ಲ. ಉಳಿದವರು ನಿದ್ದೆ ಮಾಡುತ್ತಿದ್ದರು. ಅವಳು ಕೈಗೆ ಸಿಕ್ಕಿದ ಸರ್ಕಾರಿ ಕಾಗದವನ್ನೆಲ್ಲ ಓದುತ್ತಿದ್ದಳು, ಮೊದಲು ಹೊತ್ತು ಹೋಗಲೆಂದು, ಆಮೇಲೆ ಅನುಮಾನದಿಂದ. ಅವಳು ನಿವೃತ್ತಳಾದ ವರ್ಷ ಊರಿನ ಡ್ರೈವಿಂಗ್ ಲೈಸೆನ್ಸ್ ಕಚೇರಿ ಮುಚ್ಚಿತು. ಬಾಗಿಲಿಗೆ ಬೀಗ ಬಿದ್ದ ಮೇಲೆ ಜನಕ್ಕೆ ತಿಳಿಯಿತು. ಕಾನೂನಾದ ಮೇಲೆ ಅಳುವುದಕ್ಕಿಂತ ಆಗುವ ಮೊದಲು ಓದುವುದು ಕಡಿಮೆ ಶ್ರಮದ ಕೆಲಸ ಎಂದು ಅವಳು ಪಾಸ್ಟರಿಗೆ ಹೇಳಿ, ಚರ್ಚಿನ ಊಟದ ಕೋಣೆಯ ಬೀಗದಕೈ ಇಸಿದುಕೊಂಡಳು. ಅಂದಿನಿಂದ ಹನ್ನೆರಡು ವರ್ಷ, ತಿಂಗಳ ನಾಲ್ಕನೆಯ ಮಂಗಳವಾರ ಅಲ್ಲಿ ಸಭೆ. ಕರಿದ ಮೀನು, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ರೊಟ್ಟಿ ಇರುತ್ತವೆ. ಮೊದಲು ಓದು, ಆಮೇಲೆ ಊಟ. ತಿರುಗುಮುರುಗು ಮಾಡಿದರೆ ಯಾರೂ ಉಳಿಯುವುದಿಲ್ಲವೆಂದು ಮೊದಲ ತಿಂಗಳೇ ತಿಳಿದುಹೋಗಿತ್ತು. ಗಂಡ ತೀರಿಕೊಂಡ ವಾರವೂ ಸಭೆ ನಡೆಯಿತು. ಅದನ್ನು ಯಾರಾದರೂ ಹೊಗಳಿದರೆ ಅವಳು ವಿಷಯ ಬದಲಿಸುತ್ತಾಳೆ.

ಬುಧವಾರದ ಹಿಂದಿನ ದಿನ ನಾಲ್ಕನೆಯ ಮಂಗಳವಾರವಲ್ಲ. ಆದರೂ ಸಭೆ ಕರೆದಳು. ಮೇಜಿನ ಮೇಲೆ ಅಡುಗೆಮನೆಯ ಗಡಿಯಾರ ಇಟ್ಟಳು, ಮೊಟ್ಟೆ ಬೇಯಿಸುವಾಗ ತಿರುಗಿಸಿಡುವಂಥದ್ದು.

“ಕ್ಲೀಟಾ, ಬಾ ಇಲ್ಲಿ. ಶುರು ಮಾಡು.”

ಕ್ಲೀಟಾ ಮೇಯ್ಸ್ ಕೇಶಾಲಂಕಾರದ ಅಂಗಡಿಯವಳು. ಊರಿನ ಅರ್ಧ ಹೆಂಗಸರ ತಲೆ ಅವಳ ಕೈಯಲ್ಲಿ, ಇನ್ನರ್ಧದವರ ಗುಟ್ಟು ಅವಳ ನಾಲಗೆಯಲ್ಲಿ. ಅವಳು ಎದ್ದು ಗಂಟಲು ಸರಿಮಾಡಿಕೊಂಡಳು.

“ಮೊದಲಿಗೆ ನನ್ನ ಬಾಳಿನ ಒಡೆಯನಾದ ದೇವರಿಗೆ ಸ್ತೋತ್ರ…”

“ಆಮೆನ್!” ಎಂದಿತು ಕೋಣೆ.

“ನಿಲ್ಸು,” ಎಂದಳು ಒಜೆಲ್ಲಾ. “ಐದು ಸೆಕೆಂಡು ಹೋಯ್ತು. ಆಮೆನ್‌ಗೆ ಇನ್ನೆರಡು.”

“ಅಯ್ಯೋ ಮಿಸ್ ಒಜೆಲ್ಲಾ, ದೇವ್ರಿಗೂ ಸೆಕೆಂಡ್ ಲೆಕ್ಕಾನಾ?”

“ದೇವ್ರು ಆ ಸಮಿತೀಲಿ ಇಲ್ಲ. ಇದ್ದಿದ್ರೆ ನಾವು ಹೋಗೋ ಹಂಗೇ ಇರ್ಲಿಲ್ಲ. ಇನ್ನೊಂದ್ ಸಲ. ನಾನೂರ ಹನ್ನೆರಡು ಜನ ಅಂತಲೇ ಶುರು ಮಾಡು.”

ಕ್ಲೀಟಾ ಮತ್ತೆ ಶುರುಮಾಡಿದಳು. “ನಾನೂರ ಹನ್ನೆರಡು ಜನ, ಪಾಸ್ಟರಿಗೂ ಅವರ ಮನೆಯವರಿಗೂ ಮಾನ ಸಲ್ಲಿಸ್ತಾ…” ಕೋಣೆ ಗೊಳ್ಳೆಂದು ನಕ್ಕಿತು.

ಡೀಕನ್ ಬ್ರಾಡ್‌ನಾಕ್ಸ್ ನಗಲಿಲ್ಲ. ಎಂಬತ್ತೊಂದು ವಯಸ್ಸು, ಕೋಟಿನ ಗುಂಡಿ ಕತ್ತಿನವರೆಗೆ. ಮಾತನಾಡಬೇಕಾದ ಮುಖ್ಯ ಮನುಷ್ಯ ಅವರೇ. ಕಾಗದದಲ್ಲಿ ಇಲ್ಲದ್ದು ಅವರೊಬ್ಬರಿಗೇ ಗೊತ್ತಿತ್ತು.

“ನಂಗೆ ಇದಾಗಲ್ಲಮ್ಮ,” ಎಂದರು. “ಒಬ್ಬರ ಮನೆ ಹೊಕ್ಕರೆ ನಮಸ್ಕಾರ ಹೇಳ್ದೆ ಕೂರೋದು ನಂಗೆ ಯಾರೂ ಕಲಿಸಿಲ್ಲ.”

“ಡೀಕನ್ರೇ, ಅದು ಮನೆಯಲ್ಲ. ಎರಡೇ ನಿಮಿಷ ಕೊಡೋ ಜಾಗ.”

“ಅದ್ಕೇ ಹೇಳ್ಬೇಕು. ನೋಡು ಒಜೆಲ್ಲಾ, ಅರವತ್ತಾರರಲ್ಲಿ ಪಟ್ಟಣದ ಕೋರ್ಟು ಕಟ್ಟಡದಲ್ಲಿ ವೋಟು ಹಾಕೋಕೆ ನಿಂತೆ. ಒಳಗಿದ್ದೋನು ಬಾಗಿಲಲ್ಲೇ ತಡೆದು ಕೇಳ್ದ, ಯಾರೋ ನೀನು, ಯಾರ ಕಡೆಯೋನೋ ಅಂತ. ಇಪ್ಪತ್ತೆಂಟು ವಯಸ್ಸು ನಂಗೆ, ಮಗು ಇತ್ತು. ಹುಡುಗಾ ಅಂದ. ನಾನು ಬಾಯಿ ಬಿಡ್ಲಿಲ್ಲ. ಇವತ್ತು ಎದ್ದು ನಿಂತ್ರೆ, ನಾನು ಯಾರ ಕಡೆಯೋನು ಅಂತ ಮೊದ್ಲು ಹೇಳ್ತೀನಿ. ದೇವರ ಕಡೆ, ಸಭೆ ಕಡೆ, ನನ್ನ ಸತ್ತೋರ ಕಡೆ. ಅದು ಪೀಠಿಕೆ ಅಂದ್ಕೊಂಡಿದೀಯ ನೀನು.”

ಡೀಕನ್ ಟೋಪಿ ತೆಗೆದುಕೊಂಡು ಹೊರಟುಬಿಟ್ಟರು. ಮೀನು ಹಾಗೇ ಉಳಿಯಿತು.

ಒಜೆಲ್ಲಾ ಅವರನ್ನು ಕೂಗಲಿಲ್ಲ. ಅವರು ಹೇಳಿದ್ದು ನಿಜ. ನಿಮಿಷ ಎರಡೇ ಎಂಬುದೂ ನಿಜ. ಎರಡು ನಿಜಗಳು ಎದುರುಬದುರಾದಾಗ ಒಂದನ್ನು ಸುಳ್ಳೆನ್ನುವುದು ಸುಲಭದ ದಾರಿ. ಸುಲಭದ ದಾರಿಯಿಂದ ಈ ಊರಿಗೆ ಒಳ್ಳೆಯದೇನೂ ಬಂದದ್ದಿಲ್ಲ. ಅವಳು ತನ್ನ ಚೀಲದಿಂದ ನಾಲ್ಕು ಹಾಳೆ ತೆಗೆದಳು. ಮೂರು ತಿಂಗಳು ಮನೆಮನೆ ತಿರುಗಿ ಬರೆದುಕೊಂಡ ಅಂಕಿಗಳು: ಯಾರಿಗೆ ಕಾರಿದೆ, ಯಾರು ಗಾಲಿಕುರ್ಚಿಯಲ್ಲಿದ್ದಾರೆ, ಯಾರ ಪಾಳಿ ಎಷ್ಟಕ್ಕೆ ಮುಗಿಯುತ್ತದೆ. ಸಮಿತಿಯ ಮುಂದೆ ತಾನೇ ಹೇಳಬೇಕೆಂದು ಬಾಯಿಪಾಠ ಮಾಡಿದ್ದಳು. ಹಾಗೆ ಹೇಳುವ ಆಸೆ ಅವಳಿಗೆ ಇತ್ತು. ಇಷ್ಟು ವರ್ಷ ಓದಿದ್ದನ್ನು ಒಮ್ಮೆ ಆ ಕೋಣೆ ಕೇಳಲಿ ಎಂಬ ಆಸೆ.

“ಕ್ಲೀಟಾ, ಇದನ್ನ ನೀನು ಹೇಳ್ತೀಯ.”

“ನಾನಾ? ಮತ್ತೆ ನೀವು?”

“ನಂಗೆ ಬೇರೆ ಕೆಲ್ಸ ಇದೆ.”

ಆಮೇಲೆ ಡೀಕನ್ ಅವರ ಮನೆಗೆ ನಡೆದು ಹೋದಳು. ವರಾಂಡದ ಮೆಟ್ಟಿಲು ಹತ್ತಲಿಲ್ಲ, ಕೆಳಗಿಂದಲೇ ಹೇಳಿದಳು. “ಡೀಕನ್ರೇ, ನಾಳೆ ಮೊದಲ ಹೆಸ್ರು ನಂದು. ನನ್ನ ಎರಡು ನಿಮಿಷಾನೂ ಮಾನ ಸಲ್ಲಿಸೋಕೇ. ದೇವ್ರು, ಪಾಸ್ಟರು, ತಾಯಂದಿರು, ಸತ್ತೋರು, ಎಲ್ಲಾರ್ಗೂ, ಎಲ್ಲಾರ ಪರವಾಗಿ. ನಿಮ್ಮ ಸರದಿ ಬಂದಾಗ ಅದು ಆಗಿರುತ್ತೆ. ಯಾರ ಹೆಸರು ಬಿಡಬಾರ್ದು, ಹೇಳಿ, ಬರ್ಕೋತೀನಿ.”

ಡೀಕನ್ ವರಾಂಡದ ಅಂಚಿಗೆ ಬಂದರು. “ಅರ್ಲೀನ್ ಹೆಸ್ರು ಬರ್ಕೋ,” ಎಂದರು. ಅರ್ಲೀನ್ ತೀರಿಕೊಂಡ ಅವರ ಹೆಂಡತಿ. “ಆ ಇನ್ನೊಂದು ಚರ್ಚಿನ ಮೆಥಡಿಸ್ಟ್ ಪಾಸ್ಟರ್ದೂ ಬರ್ಕೋ. ಆದ್ರೆ ನಮ್ಮೋರ್ದಾದ್ಮೇಲೆ.”

ಸಮಿತಿಯ ಮುಂದೆ ಮಾತನಾಡುವವರು ಹೆಸರು ಬರೆಸುವ ಹಾಳೆ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ. ಮೊದಲು ಬಂದವರಿಗೆ ಮೊದಲ ಸರದಿ. ಬುಧವಾರ ನಲವತ್ತು ಜನರನ್ನು ಹೊತ್ತ ಕ್ರಾಸಿಂಗಿನ ಬಸ್ಸು ಏಳಕ್ಕೇ ರಾಜಧಾನಿ ಮುಟ್ಟಿತ್ತು. ಒಳಗೆ ಕೂರುವ ಮುನ್ನ ಒಜೆಲ್ಲಾ ಎಲ್ಲರಿಗೂ ಒಂದು ಮಾತು ಹೇಳಿದಳು. “ಆಮೆನ್ ಅನ್ನೋದು ನನ್ನ ಎರಡು ನಿಮಿಷದಲ್ಲಿ ಮಾತ್ರ. ಆಮೇಲೆ ನಾಲಗೆ ಕಚ್ಕೊಂಡು ಕೂತಿರಿ.”

ಅವಳ ಎರಡು ನಿಮಿಷ ಆ ಕೋಣೆ ಹಿಂದೆಂದೂ ಕೇಳದಂಥದ್ದು. ದೇವರಿಂದ ಶುರುವಾಗಿ, ಇಬ್ಬರು ಪಾಸ್ಟರುಗಳು, ಸಭೆಯ ತಾಯಂದಿರು, ಕ್ರಾಸಿಂಗಿನ ಮಣ್ಣಿನಲ್ಲಿ ಮಲಗಿರುವ ಹದಿನೇಳು ಜನ, ಅರ್ಲೀನ್ ಬ್ರಾಡ್‌ನಾಕ್ಸ್. ಕೊನೆಗೆ ಸಮಿತಿಯ ಹದಿಮೂರು ಸದಸ್ಯರು, ಒಬ್ಬೊಬ್ಬರನ್ನೂ ಹೆಸರು ಹಿಡಿದು, ಹುಟ್ಟಿದ ಊರು ಹೇಳಿ. ಹಿಂದಿನ ಸಾಲುಗಳಿಂದ ಆಮೆನ್ ಎದ್ದೆದ್ದು ಬಂತು. ತಮ್ಮ ಊರಿನ ಹೆಸರು ಬಂದಾಗ ಒಬ್ಬಿಬ್ಬರು ಸದಸ್ಯರು ಫೋನು ಕೆಳಗಿಟ್ಟರು.

ಗಂಟೆ ಬಾರಿಸಿತು. ಅಧ್ಯಕ್ಷ ಕನ್ನಡಕದ ಮೇಲಿಂದ ನೋಡಿದ. “ಅಮ್ಮಾ, ನೀವು ಮಸೂದೆ ಪರವಾಗಿದೀರೋ, ವಿರುದ್ಧವೋ?”

“ವಿರುದ್ಧ, ಅಧ್ಯಕ್ಷರೇ. ಯಾಕೆ ಅಂತ ನನ್ನ ಹಿಂದೆ ಬರೋರು ಹೇಳ್ತಾರೆ. ಎಲ್ಲಾರ ನಮಸ್ಕಾರಾನೂ ನಾನೇ ಮುಗಿಸಿದೀನಿ.”

ಕ್ಲೀಟಾ ಅಂಕಿಗಳನ್ನು ಕತ್ತರಿ ಆಡಿಸಿದಂತೆ ಹೇಳಿದಳು, ಒಂದೂ ಬಿಡಲಿಲ್ಲ. ಆಮೇಲೆ ಡೀಕನ್ ಎದ್ದರು.

“ಮೊದಲಿಗೆ ನನ್ನ ಬಾಳಿನ…” ಎಂದು ನಿಂತರು. ಹಿಂದೆ ನಲವತ್ತು ಜನ ಉಸಿರು ಹಿಡಿದರು. “ಅದಾಯ್ತು,” ಎಂದರು ಡೀಕನ್. “ಅರವತ್ತಾರರಲ್ಲಿ ಬೆಳಿಗ್ಗೆ ಐದಕ್ಕೆ ನಾನು ಪಟ್ಟಣದ ಸರದೀಲಿ ನಿಂತೆ. ನಾನು ಬಾಗಿಲಿಗೆ ಬಂದಾಗ ಬಾಗಿಲು ಹಾಕಿದ್ರು. ಮುಂದಿನ ಸಲಾನೂ ಹಾಗೇ. ಆಮೇಲೆ ನಮ್ಮ ಕ್ರಾಸಿಂಗಿಗೇ ಬೂತು ಬಂತು. ಅವರು ಮತಪೆಟ್ಟಿಗೆ ತಂದ್ರು, ಮೇಜು ತಂದಿರ್ಲಿಲ್ಲ. ನಮ್ಮ ಅಡುಗೆಮನೆ ಮೇಜನ್ನ ನಾನೇ ಹೊತ್ಕೊಂಡು ಹೋದೆ. ಅವತ್ತಿಂದ ಒಂದು ಚುನಾವಣೆನೂ ತಪ್ಪಿಸಿಲ್ಲ. ನಂಗೀಗ ಎಂಬತ್ತೊಂದು, ಕಣ್ಣು ಕಾಣಲ್ಲ, ಕಾರು ಬಿಟ್ಟಿದೀನಿ. ಪಟ್ಟಣಕ್ಕೆ ಹೋಗು ಅಂತೀರಿ. ಆ ಬಾಗಿಲು ನಂಗೆ ಗೊತ್ತು. ನಾನು ಅಲ್ಲಿಗೆ ಹೋಗಲ್ಲ. ವೋಟು ಹಾಕಲ್ಲ ಅಂತಾನೂ ಅಲ್ಲ. ಇದನ್ನ ಹೇಗೆ ಸರಿಮಾಡ್ತೀರೋ ನೋಡಿ.” ಕೂತುಬಿಟ್ಟರು.

“ನಿಮಗಿನ್ನೂ ಇಪ್ಪತ್ತು ಸೆಕೆಂಡಿದೆ ಸಾರ್,” ಎಂದ ಅಧ್ಯಕ್ಷ.

“ಇರ್ಲಿ,” ಎಂದರು ಡೀಕನ್.

ಉತ್ತರದ ಗುಡ್ಡಗಾಡಿನಿಂದ ಬಂದ ಸದಸ್ಯೆಯೊಬ್ಬಳು ತನ್ನ ತಿದ್ದುಪಡಿ ಮಂಡಿಸಿದಳು. ಕ್ರಾಸಿಂಗಿನವರು ವೋಟು ಹಾಕದ ಪಕ್ಷದವಳು, ಇವರಿಗೆ ಪರಿಚಯವೂ ಇರಲಿಲ್ಲ. ಮುಖ್ಯ ಪಟ್ಟಣದಿಂದ ಹದಿನೈದು ಮೈಲಿಗಿಂತ ದೂರದ ಮತಗಟ್ಟೆಯನ್ನು ಮುಚ್ಚುವಂತಿಲ್ಲ, ಅಷ್ಟೇ. ಕ್ರಾಸಿಂಗಿನವರು ಒಬ್ಬರ ಮುಖ ಒಬ್ಬರು ನೋಡಿ ಅರಳಿದರು. ಗುಮಾಸ್ತ ಗೋಡೆಯ ಮೇಲೆ ನಕ್ಷೆ ತೋರಿಸಿದ. ಊರೂರಿನ ಪಕ್ಕ ದೂರ ಬರೆದಿತ್ತು. ಬೆಥೆಲ್ ಕ್ರಾಸಿಂಗ್: ಹದಿಮೂರು ಮೈಲಿ.

ಒಜೆಲ್ಲಾ ಆ ಅಂಕಿಯನ್ನು ಒಮ್ಮೆ ನೋಡಿದಳು, ಸಾಕಾಯಿತು. ಮೂವತ್ತೊಂದು ವರ್ಷ ದಿನಕ್ಕೆರಡು ಸಲ ಓಡಿಸಿದ ರಸ್ತೆ ಅದು. ಅವಳು ಎದ್ದು ನಿಂತಳು.

“ಅಮ್ಮಾ, ನಿಮ್ಮ ಸಮಯ ಮುಗಿದಿದೆ,” ಎಂದ ಅಧ್ಯಕ್ಷ. ಮುಗಿದಿತ್ತು, ಹೌದು. ಎರಡು ನಿಮಿಷವನ್ನೂ ಅವಳೇ ಕೈಯಾರೆ ಕೊಟ್ಟಿದ್ದಳು. ಅವಳು ಕೂರಲಿಲ್ಲ, ಮಾತನಾಡಲೂ ಇಲ್ಲ. ನಿಯಮ ಮುರಿದರೆ ಆ ಮಾತು ಕಡತಕ್ಕೆ ಏರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಪಕ್ಕದಲ್ಲಿ ಡೀಕನ್ ಕೋಲೂರಿ ಎದ್ದರು. “ಅಧ್ಯಕ್ಷರೇ, ನನ್ನ ಇಪ್ಪತ್ತು ಸೆಕೆಂಡು ಅಲ್ಲೇ ಇದ್ಯಲ್ಲ. ಈಕೆಗೆ ಕೊಡಿ.”

ಅಧ್ಯಕ್ಷ ಗುಮಾಸ್ತನ ಕಡೆ ನೋಡಿದ. ಗುಮಾಸ್ತ ಭುಜ ಕುಣಿಸಿದ. “ಇಪ್ಪತ್ತೇ,” ಎಂದ ಅಧ್ಯಕ್ಷ.

“ನಿಮ್ಮ ನಕ್ಷೆ ನೇರಗೆರೆ ಎಳೆದಿದೆ,” ಎಂದಳು ಒಜೆಲ್ಲಾ. “ನಡುವೆ ಹೊಳೆ ಇದೆ, ಸೇತುವೆಗೆ ಸುತ್ತಿ ಹೋಗ್ಬೇಕು. ರಸ್ತೇಲಿ ಇಪ್ಪತ್ತೆಂಟು ಮೈಲಿ. ನಾನು ಅದನ್ನ ಮೂವತ್ತೊಂದು ವರ್ಷ ಓಡಿಸಿದೀನಿ. ಹದಿಮೂರು ಮೈಲಿ ಹಕ್ಕಿಗೆ. ಹಕ್ಕಿ ವೋಟು ಹಾಕಲ್ಲ. ರಸ್ತೆಯ ಅಳತೆ ಅಂತ ಬರೀರಿ.”

ಹದಿನೆಂಟು ಸೆಕೆಂಡು. ಗುಡ್ಡಗಾಡಿನ ಸದಸ್ಯೆ ಪೆನ್ನು ಎತ್ತಿಕೊಂಡಳು. “ನಮ್ಮ ಕಡೆ ಬೆಟ್ಟ ಇದೆ,” ಎಂದಳು ಅಧ್ಯಕ್ಷನಿಗೆ, “ನಮಗೂ ಅದೇ ಕಥೆ. ಸೇರಿಸ್ತೀನಿ.” ಮತಕ್ಕೆ ಹಾಕಿದಾಗ ತಿದ್ದುಪಡಿಯ ಪರ ಎಂಟು, ವಿರುದ್ಧ ಐದು.

ಹೊರಗಿನ ಮೊಗಸಾಲೆಯಲ್ಲಿ ಕ್ಲೀಟಾ ಅರಚಲು ಬಾಯಿ ತೆರೆದಳು. ಒಜೆಲ್ಲಾ ಕೈ ಎತ್ತಿ ತಡೆದು, ಗುಮಾಸ್ತನ ಕಿಟಕಿಗೆ ಹೋಗಿ ತಿದ್ದುಪಡಿಯ ಪ್ರತಿ ಕೇಳಿದಳು. ಬರಲು ಮುಕ್ಕಾಲು ಗಂಟೆಯಾಯಿತು. ನಲವತ್ತು ಜನ ಗೋಡೆಗೊರಗಿ ನಿಂತಿದ್ದರು. ಅವಳು ಓದುವ ಕನ್ನಡಕ ಹಾಕಿಕೊಂಡು ಎರಡೂ ಪುಟವನ್ನು ಬೆರಳಿಟ್ಟು ಓದಿದಳು.

“ಇದೆಯಾ?” ಎಂದರು ಡೀಕನ್.

“ಇದೆ. ಎರಡನೇ ಸಾಲು. ರಸ್ತೆಯ ಅಳತೆಯಲ್ಲಿ.” ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. “ಬೂತು ಉಳೀತು. ಇದಿನ್ನೂ ಪೂರ್ತಿ ಶಾಸನಸಭೆಗೆ ಹೋಗ್ಬೇಕು, ಅಲ್ಲಿ ಯಾರಾದ್ರೂ ಈ ಸಾಲು ಕಿತ್ತರೆ ನಾವು ಮತ್ತೆ ಬರ್ತೀವಿ. ಈಗ ಎಷ್ಟು ಬೇಕಾದ್ರೂ ಕೂಗ್ಕೊಳ್ಳಿ.”

ಕೂಗಿದರು.